ಭಾವನ ಕಂಪ್ಯೂಟರ್ ಮನೆಯಲ್ಲಿ ನಾನು ಅಳಿಸಿದ್ದು

ನಮ್ಮ ಭಾವನ ಮನೆಯ ಬಾಗಿಲು ತೆರೆಯುವುದಕ್ಕೆ ಇಪ್ಪತ್ತು ನಿಮಿಷ ಬೇಕು. ಚಿಲಕ ಕೆಟ್ಟಿದೆಯೆಂದಲ್ಲ, ಭಾವನಿಗೆ ಕಿವಿ ಕೇಳಿಸದೆಂದೂ ಅಲ್ಲ. ಆ ಮನೆ ಇರುವುದು ಕಂಪ್ಯೂಟರಿನೊಳಗೆ!

ಭಾವ ಎಂದರೆ ನನ್ನ ಅಕ್ಕನ ಗಂಡ, ಹೊಸ ಅಗ್ರಹಾರದವರು. ಕಚೇರಿಯೊಂದರಲ್ಲಿ ನಕ್ಷೆ ಬರೆದು ನಿವೃತ್ತರಾದರು. ಆ ವಯಸ್ಸಿನಲ್ಲಿ ಬೇರೆಯವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಇವರು ಮೈಸೂರಿನ ಬಸ್ಸು ಹತ್ತಿ, ಮೊಮ್ಮಕ್ಕಳ ವಯಸ್ಸಿನವರ ಪಕ್ಕ ಕೂತು, ಕಟ್ಟಡವನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ನಿಲ್ಲಿಸುವ ವಿದ್ಯೆ ಕಲಿತು ಬಂದರು. ಅದಕ್ಕೆ ಮಾಡೆಲ್ ಎನ್ನುತ್ತಾರೆ. ಅದರಲ್ಲಿ ಗೋಡೆಯನ್ನು ಒತ್ತಿದರೆ ಅದು ತನ್ನ ಉದ್ದ, ದಪ್ಪ, ಇಟ್ಟಿಗೆಯ ಜಾತಿ ಎಲ್ಲವನ್ನೂ ಹೇಳುತ್ತದೆ. ಅದು ಹೇಳಬೇಕಾದದ್ದನ್ನು ಮಾತ್ರ ನಾವೇ ತುಂಬಿಡಬೇಕು. ಭಾವ ಸಿಕ್ಕಿಬಿದ್ದದ್ದು ಅಲ್ಲೇ. ನಿಲ್ಲಿಸುವುದು ಎಲ್ಲಿ?

ಮೊದಲು ತಮ್ಮ ಹಳೆಯ ಮನೆಯನ್ನೇ ಮಾಡಿದರು. ಬಾಗಿಲಿಗೆ ತಿರುಪು ಎಷ್ಟು ಎಂದು ಬರೆದರು. ತಿರುಪಿನ ತಲೆಯ ಮೇಲೆ ಗೀರು ಒಂದೋ ಎರಡೋ ಎಂದೂ ಬರೆದರು! ಹಲಸಿನ ಹಲಗೆಯಲ್ಲಿರುವ ಗಂಟನ್ನೂ ಬಿಡಲಿಲ್ಲ. ಈ ಭಾರ ಹೊರಲಾರದೆ ಕಂಪ್ಯೂಟರು ಏದುಸಿರು ಬಿಡುತ್ತಿತ್ತು.

ಅಕ್ಕ ಅಡುಗೆಮನೆಯಿಂದ, "ನಿಮ್ ಬಾಗ್ಲು ತೆಗಿಯೋ ಅಷ್ಟೊತ್ಗೆ ನಾನು ಮುದ್ದೆ ಕಟ್ಟಿ ಬಸ್ಸಾರು ಇಳುಸ್ತೀನಿ ಕಣ್ರೀ" ಎನ್ನುತ್ತಿದ್ದಳು. ಹೆಚ್ಚು ಸಲ ಗೆಲ್ಲುತ್ತಿದ್ದವಳೂ ಅವಳೇ.

ಒಮ್ಮೆ ಭೇರ್ಯದ ಕಡೆಯ ಎಂಜಿನಿಯರೊಬ್ಬರು ಹಾಲಿನ ಡೈರಿಗೆಂದು ಸಣ್ಣ ಕಟ್ಟಡದ ಮಾಡೆಲ್ ಕೇಳಿದರು. ತೆರೆದು ನೋಡಿ ಬೆವರಿದರು.

"ಸಾರ್, ನಾನು ಕೇಳಿದ್ದು ಕಂಬ, ತೊಲೆ. ಇಷ್ಟೊಂದು ಕ್ಯಾನ್ ಯಾಕೆ?"

"ಕ್ಯಾನಿಲ್ದೆ ಅದು ಡೈರಿ ಅಂತ ಎಂಗಯ್ಯ ಗೊತ್ತಾಗೋದು?"

"ಕ್ಯಾನಿನ ಒಳಗೂ ಏನೋ ಇದೆಯಲ್ಲ ಸಾರ್?"

"ಹಾಲು!" ಎಂದರು ಭಾವ.

ಈಗ ನನ್ನ ಸರದಿ. ಅಕ್ಕನ ಬಲಗೈ ಇತ್ತೀಚೆಗೆ ಸೋತುಹೋಗಿತ್ತು. ಹಿಡಿದ ಲೋಟ ಜಾರುತ್ತಿತ್ತು. ಎಡಗೈಯೊಂದರಿಂದಲೇ, ಯಾರನ್ನೂ ಕರೆಯದೆ, ಅವಳು ಓಡಾಡಿಕೊಂಡಿರಬೇಕೆಂದು ಭಾವ ಹೊಸ ಮನೆ ಕಟ್ಟಿಸಲು ಹೊರಟರು. ಮೇಸ್ತ್ರಿ ನಾನು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಹುಣಸೂರಿನಲ್ಲಿ ಒಂದು ಆಯುಷ್ಯವೆಲ್ಲ ಕರಣೆ ಹಿಡಿದವನು. ಜಂಬಕ್ಕೆ ಬೇರೆ ಕಾರಣ ಬೇಕೆ?

ಭಾವ ಕೊಟ್ಟ ಹಾಳೆಗಳಲ್ಲಿ ಬಚ್ಚಲಿನದೇ ಹನ್ನೊಂದಿದ್ದವು.

"ಭಾವ, ನನ್ನನ್ನ ಮನೆ ಕಟ್ಟಕ್ಕೆ ಬುಡ್ತೀರೋ, ಪರೀಕ್ಷೆಗೆ ಕೂರುಸ್ತೀರೋ?"

"ಆಯ್ತು ಕಣಯ್ಯ. ನಿಂಗೇ ಅಂತ ಒಂದು ಕಾಪಿ ಮಾಡ್ಕೊಡ್ತೀನಿ. ಬ್ಯಾಡದ್ದ ನೀನೇ ಅಳಿಸ್ಕೊ. ಆದ್ರೆ ಓದಿ ಅಳ್ಸು."

ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಕಾಫಿಗೆ ಎದ್ದುಹೋದರು. ಅಳಿಸುವುದರಲ್ಲಿ ಎಂಥ ಸುಖ ಅಂತೀರಿ! ಕಟ್ಟಲು ತಿಂಗಳುಗಟ್ಟಲೆ ಬೇಕು, ಅಳಿಸಲು ಒಂದು ಬೆರಳು. ಸೋಪಿನ ಡಬ್ಬಿ ಹೋಯಿತು, ಕನ್ನಡಿಯ ಮೊಳೆ ಹೋಯಿತು. ಕಮೋಡಿನ ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಒಂದು ಸ್ಟೀಲ್ ರಾಡಿತ್ತು. ರಾಡನ್ನು ಉಳಿಸಿದೆ. ಅದರ ಕೆಳಗಿದ್ದ ಉದ್ದನೆಯ ಟಿಪ್ಪಣಿಯನ್ನು ಓದದೆ ಅಳಿಸಿದೆ. ರಾಡಿಗೂ ಪುರಾಣವೇ ಎಂದು ನಕ್ಕೆ. ಭಾವ ಕಾಫಿ ಮುಗಿಸಿ ಬರುವಷ್ಟರಲ್ಲಿ ಮನೆ ಹತ್ತಿಯಂತೆ ಹಗುರಾಗಿ, ಬಾಗಿಲು ಪಟ್ಟನೆ ತೆರೆಯಿತು.

ಅಳಿಸಿ ಉಳಿದದ್ದನ್ನು ಹೊಸ ಹಾಳೆಗಳಿಗೆ ಇಳಿಸಿಕೊಂಡು, ಅದರ ಪ್ರಕಾರವೇ ಕಟ್ಟಿದೆ. ಗೃಹಪ್ರವೇಶವಾಗಿ ತಿಂಗಳಾಗಿರಲಿಲ್ಲ, ಅಕ್ಕ ಎದ್ದು ನಿಲ್ಲಲು ರಾಡು ಹಿಡಿದಾಗ ರಾಡು ಗೋಡೆಯ ಚೂರಿನೊಡನೆ ಕೈಗೆ ಬಂತು. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ತಿರುಪು ಎಷ್ಟು ದಿನ ನಿಂತೀತು? ಅವಳು ಬಿದ್ದಳು. ಮುರಿದದ್ದು ಎಡಗೈ. ಇದ್ದ ಒಂದು ಒಳ್ಳೆಯ ಕೈ.

ನೋಡಲು ಬಂದ ನೆಂಟರೆಲ್ಲರ ಮುಂದೆ ಭಾವ, "ಆ ಜಾಗದಲ್ಲಿ ಬ್ಲಾಕಿನ ಒಳಗೆ ಕಾಂಕ್ರೀಟ್ ತುಂಬ್ಬೇಕು ಅಂತ ಬರಿಯೋದ ನಾನು ಮರ್ತೆ" ಎಂದರು. ನಾನು ಪಕ್ಕದಲ್ಲೇ ಇದ್ದೆ. ಕಾಫಿ ಕುಡಿಯುತ್ತಿದ್ದೆ. ಅಳಿಸಿದ್ದು ಏನೆಂದು ನನಗೆ ಆಗ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ.

ಎರಡು ತಿಂಗಳು ಹಾಗೇ ಕಳೆದೆ. ಅಷ್ಟು ದಿನವೂ ಅಕ್ಕನಿಗೆ ಭಾವನೇ ತುತ್ತು ಮಾಡಿ ಉಣ್ಣಿಸುತ್ತಿದ್ದರು, ತಲೆ ಬಾಚುತ್ತಿದ್ದರು. ಒಂದು ಬೆಳಿಗ್ಗೆ ತಡೆಯಲಾರದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಭಾವ ಕನ್ನಡಕ ಒರೆಸಿಕೊಂಡರು.

"ಗೊತ್ತು ಕಣಯ್ಯ. ನನ್ ಹಳೇದು, ನಿನ್ ಕಾಪಿ, ಎಲ್ಡನ್ನೂ ಪಕ್ಕಪಕ್ಕ ಇಟ್ರೆ ಏನೇನು ಹೋಗಿದೆ ಅಂತ ಕೆಂಪುಗೆ ತೋರುಸ್ತದೆ. ಅವಳು ಬಿದ್ದ ದಿನಾನೇ ನೋಡ್ದೆ."

"ಮತ್ತೆ ನಿಮ್ಮ ತಲೆ ಮೇಲೆ ಯಾಕೆ ಹಾಕ್ಕೊಂಡ್ರಿ ಭಾವ? ಅಕ್ಕಂಗಾದ್ರೂ ಹೇಳ್ಬಾರ್ದಾಗಿತ್ತಾ?"

"ಅವಳಿಗೆ ಅಂತ ಇರೋನು ನೀನೊಬ್ಬ ತಮ್ಮ. ಅದ್ನೂ ಕಿತ್ಕಳಕಾಯ್ತದ? ಅವಳಿಗೆ ಹೇಳಿಲ್ಲ. ನೀನೂ ಹೇಳ್ಬ್ಯಾಡ."

ಮರುದಿನ ಟೈಲ್ಸ್ ಒಡೆದು, ಬ್ಲಾಕಿನ ಒಳಗೆ ಕಾಂಕ್ರೀಟು ತುಂಬಿ, ರಾಡು ಕೂರಿಸಿ, ಅದು ಒಣಗಿದ ಮೇಲೆ ನನ್ನ ಮೈಭಾರವನ್ನೆಲ್ಲ ಬಿಟ್ಟು ಜಗ್ಗಿ ನೋಡಿದೆ. ಅಲ್ಲಾಡಲಿಲ್ಲ. ಅಕ್ಕ ಹೊರಗಿನಿಂದ, "ಸಾಕು ಬುಡ್ಲಾ, ಈ ವಯಸ್ನಲ್ಲಿ ನೀನೂ ಬಿದ್ದೀಯ!" ಎಂದು ಗದರಿದಳು.

ಭಾವನ ಮಾತು ಮೀರುತ್ತಿದ್ದೇನೆ. ಬಿಡುವಿನಲ್ಲಿ ನಾನು ಹೀಗೆ ಬರೆದದ್ದನ್ನೆಲ್ಲ ಮೊದಲು ಓದುವವಳು ಅಕ್ಕ. ಮುಖ ನೋಡಿ ಹೇಳಲು ಧೈರ್ಯವಾಗಲಿಲ್ಲ, ಬರೆದಿದ್ದೇನೆ. ಅಕ್ಕಾ, ಅವರು ಏನನ್ನೂ ಮರೆತಿರಲಿಲ್ಲ.