ಜಿಲೇಬಿ ಅಂಗಡಿ ಮುಂದಿನ ಸ್ವಾತಂತ್ರ್ಯ

ಚನ್ನಪಟ್ಟಣದ ವಾರ್ಡ್ ಸದಸ್ಯ ರೇವಣಸಿದ್ದಯ್ಯನವರಿಗೆ ಸ್ವಾತಂತ್ರ್ಯದ ಮೇಲೆ ಏಕಾಏಕಿ ಮಮತೆ ಉಕ್ಕಿದ್ದು, ಮುಕ್ತಿಯಾರನ ಜಿಲೇಬಿ ಅಂಗಡಿಯೆದುರಿನ ಕಂಬಕ್ಕೆ ಕ್ಯಾಮೆರಾ ಹಾಕುವ ಮಾತು ಬಂದ ದಿನ. ಅವರಿಗೆ ಸಕ್ಕರೆ ಕಾಯಿಲೆ. ಹೆಂಡತಿ ಸರ್ವಮಂಗಳಮ್ಮ ಸಿಹಿಗೆ ಸಂಪೂರ್ಣ ನಿಷೇಧಾಜ್ಞೆ ಹೊರಡಿಸಿದ್ದರು. (ಆ ಮನೆಯಲ್ಲಿ ವಿರೋಧ ಪಕ್ಷಕ್ಕೆ ಮಾನ್ಯತೆಯಿಲ್ಲ.) ಹಾಗಾಗಿ ದಿನಾ ಸಂಜೆ ಜನರ ಕುಂದುಕೊರತೆ ವಿಚಾರಿಸಲು ಹೊರಟವರು, ಮುಕ್ತಿಯಾರನ ಬೆಂಚಿನಲ್ಲಿ ಕೂತು ಬಿಸಿ ಜಿಲೇಬಿಯ ಯೋಗಕ್ಷೇಮ ವಿಚಾರಿಸಿ ಬರುತ್ತಿದ್ದರು.

ವಾರ್ಡ್ ಸಭೆಯಲ್ಲಿ ಅವರು ಗುಡುಗಿದರು. "ಯಾರು ಎಲ್ಲಿ ಕೂತವ್ರೆ, ಏನ್ ತಿಂತಾವ್ರೆ ಅಂತ ನೋಡಕ್ಕೆ ಇವ್ರ್ಯಾರು? ಇದು ಪ್ರಜೆಯ ಸ್ವಾತಂತ್ರ್ಯದ ಪ್ರಶ್ನೆ."

"ಭದ್ರತೆ ಇಲ್ದೆ ಎಂಥ ಸ್ವಾತಂತ್ರ್ಯ ಸ್ವಾಮಿ?" ಎಂದ ಎದುರು ಪಕ್ಷದ ಕೆಂಪರಾಜು. (ಕ್ಯಾಮೆರಾ ಮಾರುವವನು ಅವನ ಭಾಮೈದ.)

ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯ ದೊಡ್ಡಲಕ್ಷ್ಮಮ್ಮ ಹಿಂದಿನ ಸಾಲಿನಿಂದ ಎದ್ದರು. "ಕೆಲ್ಸ ಮುಗಿಸ್ಕಂಡ್ ಬರೋವಾಗ ನನ್ ಸರ ಕಿತ್ಕಂಡೋದ್ರು. ಕತ್ತು ಮುಟ್ಕೊಳ್ದೆ ಮನೆ ಸೇರೋದೇ ನನಗೆ ಸ್ವಾತಂತ್ರ್ಯ. ನೀವಿಬ್ರೂ ಹೇಳೋದ್ರಲ್ಲಿ ಅದೂ ಐತಾ?"

"ಐತವ್ವ, ಐತೆ," ಎಂದು ಇಬ್ಬರೂ ಕೈಮುಗಿದು ಅವರನ್ನು ಕೂರಿಸಿ, ಮತ್ತೆ ತಮ್ಮ ಜಗಳಕ್ಕೆ ಮರಳಿದರು. ಕೊನೆಗೆ ಕ್ಯಾಮೆರಾದ ಪ್ರಸ್ತಾವ ಬಿದ್ದುಹೋಯಿತು, ರೇವಣಸಿದ್ದಯ್ಯ ಗೆದ್ದರು.

ಮರುದಿನ ವಿಜಯೋತ್ಸವಕ್ಕೆಂದು ಒಂದೆರಡು ಜಿಲೇಬಿ ಹೆಚ್ಚಿಗೇ ತಿಂದು ಹೊರಬಂದರೆ, ಸ್ಕೂಟರ್ ಇಲ್ಲ. ಜನ ಸೇರಿದರು, ಮುಂದಿನ ಸಾಲಿನಲ್ಲೇ ಕೆಂಪರಾಜು.

"ಗಾಬ್ರಿ ಆಗ್ಬೇಡಿ ಸಾ," ಎಂದ ಮುಕ್ತಿಯಾರ್. "ನಮ್ ಅಂಗ್ಡೀದೇ ಕ್ಯಾಮೆರಾ ಐತಲ್ಲ. ಬೆಂಚಿಂದ ಬೀದಿಗಂಟ ಎಲ್ಲಾ ಕಾಣ್ತದೆ."

ಬೆಂಚೆಂದ ಕೂಡಲೇ ರೇವಣಸಿದ್ದಯ್ಯನವರು ಬಾಯಂಚಿನ ಪಾಕ ಒರೆಸಿಕೊಂಡರು. ಆದರೆ ಸ್ಕೂಟರ್ ಹೊಸದು. "ಹಾಕಪ್ಪ, ಒಸಿ ನೋಡಾನ," ಎಂದರು ಸಣ್ಣ ದನಿಯಲ್ಲಿ.

ಅಂಗಡಿಯ ಟಿವಿಯಲ್ಲಿ ಮಾನ್ಯ ಸದಸ್ಯರು ಕಣ್ಣುಮುಚ್ಚಿ ಬೆರಳು ಚೀಪುತ್ತಿದ್ದರು. ಅದೇ ದೃಶ್ಯದಲ್ಲಿ, ಅವರ ಹಿಂದಿನ ಬಾಗಿಲಲ್ಲಿ ಸರ್ವಮಂಗಳಮ್ಮ ಕಾಣಿಸಿಕೊಂಡರು. ಗಂಡನನ್ನು ಬಹಳ ಹೊತ್ತು ನೋಡಿದರು. ಬ್ಯಾಗಿನಿಂದ ಇನ್ನೊಂದು ಕೀ ತೆಗೆದು, ಸ್ಕೂಟರ್ ಚಾಲು ಮಾಡಿ, ಹೊರಟುಹೋದರು.

ಯಾರೂ ನಗಲಿಲ್ಲ, ನಕ್ಕಿದ್ದರೇ ವಾಸಿಯಿತ್ತು. ಅಷ್ಟರಲ್ಲಿ ಫೋನ್ ಬಂತು.

"ರೀ, ಸ್ಕೂಟರ್ ಮನೇಲೈತೆ," ಎಂದರು ಸರ್ವಮಂಗಳಮ್ಮ, ತಣ್ಣಗೆ. "ತಿಂದಿದ್ದು ಕರಗ್ಲಿ, ನಡ್ಕಂಡೇ ಬನ್ನಿ. ಊಟಕ್ಕೆ ಹಾಗಲಕಾಯಿ ಗೊಜ್ಜು ಮಾಡಿವ್ನಿ. ಬೆಲ್ಲ ಹಾಕಿಲ್ಲ."