ಪರದೆಯ ಎಡಮೂಲೆ

ನಮ್ಮ ದೊಡ್ಡಪ್ಪ ಒಂದೇ ಇಂಗ್ಲಿಷ್ ಸಿನಿಮಾವನ್ನು ಎಷ್ಟು ಸಲ ನೋಡಿದ್ದಾರೆಂದು ಕೇಳಿದರೆ ಹಿಂದೂಪುರದ ಟಾಕೀಸಿನ ಗೇಟ್‌ಕೀಪರ್ ಕೂಡ ಕೈ ಮುಗಿದುಬಿಡುತ್ತಿದ್ದ. ಆದರೆ ಅದರ ಹೀರೋ ಯಾರೆಂದು ದೊಡ್ಡಪ್ಪನನ್ನೇ ಕೇಳಿ ನೋಡಬೇಕಿತ್ತು! "ಹೀರೋನಾ? ಇರ್ಬೌದು ಕಣಪ್ಪ. ಯಾರೋ ಒಬ್ಬ ಮಧ್ಯದಾಗೆ ಓಡಾಡ್ತಾ ಅಡ್ಡ ಬತ್ತಾನೆ" ಎನ್ನುತ್ತಿದ್ದರು. ಕಥೆ ಗೊತ್ತಿಲ್ಲ. ಯಾರು ಯಾರ ಮೇಲೆ ಯುದ್ಧಕ್ಕೆ ಹೋದರೋ ಗೊತ್ತಿಲ್ಲ. ಕೊನೆಗೆ ಭೂಮಿ ಉಳಿಯಿತೋ ಇಲ್ಲವೋ ಎಂಬುದನ್ನೂ ವಿಚಾರಿಸದೆ ಮನೆಗೆ ಬಂದು ನೆಮ್ಮದಿಯಾಗಿ ಮುದ್ದೆ ಮುರಿಯುವ ಪ್ರೇಕ್ಷಕನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ.

ಇಲ್ಲೊಂದು ತಿದ್ದುಪಡಿ. ಇಂಗ್ಲಿಷ್ ಸಿನಿಮಾ ಎಂದೆನಲ್ಲ, ನಮ್ಮೂರಿಗೆ ಬರುವ ಹೊತ್ತಿಗೆ ಅದು ಚೆನ್ನಾಗಿ ತೆಲುಗು ಕಲಿತುಕೊಂಡೇ ಬಂದಿತ್ತು. ಮೂರು ಕಣ್ಣಿನ ಪ್ರಾಣಿ ಕೂಡ ಸಾಯುವಾಗ "ಅಮ್ಮಾ" ಎನ್ನುತ್ತಿತ್ತು. ಬೇರೆ ಗ್ರಹದ ಜನ, ಆಕಾಶದಲ್ಲಿ ಓಡುವ ಹಡಗು, ಒಂದರ ಹಿಂದೊಂದು ಭಾಗ ಬರುವ ಸರಣಿ. ಪ್ರತಿ ಭಾಗಕ್ಕೂ ಸಂಬಂಧವೇ ಇಲ್ಲದ ಒಂದು ಹೊಸ ತೆಲುಗು ಹೆಸರಿಡುತ್ತಿದ್ದರು. ಹೀಗಾಗಿ ಇವೆಲ್ಲ ಒಂದೇ ವಂಶದ್ದು ಎಂದು ತಿಳಿಯುವುದು ಒಳಗೆ ಹೋಗಿ ಕುಳಿತ ಮೇಲೆಯೇ.

ದೊಡ್ಡಪ್ಪ ಎಂದರೆ ನನ್ನ ತಾಯಿಯ ಅಕ್ಕನ ಗಂಡ. ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಯ ಪಕ್ಕದಲ್ಲಿ ಹಳೆಯ ಗೋಣಿಚೀಲದ ಅಂಗಡಿ ಇಟ್ಟಿದ್ದರು. ಹರಿದ ಚೀಲ ಕೊಳ್ಳುವುದು, ದಬ್ಬಳದಲ್ಲಿ ಹೊಲಿಯುವುದು, ಮಾರುವುದು. ಅದಕ್ಕೂ ಮೊದಲು ಅವರೂ ಅವರ ತಮ್ಮನೂ ಅದೇ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು. ಆ ತಮ್ಮ ಗಲ್ಫಿಗೆ ಕೂಲಿಗೆ ಹೋದ. ಮೊದಲು ಕಾಗದ ಬರುತ್ತಿತ್ತು, ಆಮೇಲೆ ಅಪರೂಪವಾಯಿತು, ಆಮೇಲೆ ನಿಂತಿತು. ಕಳಿಸಿದ ಏಜೆಂಟನ ರೂಮು ಇದ್ದ ಜಾಗದಲ್ಲಿ ಬೇಕರಿ ಬಂತು. ಆ ಕಡೆ ಹೋಗಿ ಬಂದವರನ್ನೆಲ್ಲ ದೊಡ್ಡಪ್ಪ ಕೇಳಿದರು. ಎಲ್ಲರೂ, ಮರಳುಗಾಡು ಬಹಳ ದೊಡ್ಡದು ಎಂದರು. ಕೆಲಸದ ಸಲುವಾಗಿ ನಾನು ಅವರ ಮನೆಯಲ್ಲಿ ಇರಲು ಬಂದಾಗ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮಾರುಕಟ್ಟೆಗೆ ರಜೆ. ಫ್ಯಾನಿನ ಕೆಳಗೆ ನಿದ್ದೆ ಮಾಡೋಣವೆಂದು ದೊಡ್ಡಪ್ಪ ಮ್ಯಾಟಿನಿಗೆ ಹೋದರು. ಓಡುತ್ತಿದ್ದದ್ದು ಆ ಸರಣಿಯ ಎರಡನೆಯ ಭಾಗ. ನಿದ್ದೆಯನ್ನೂ ಮಾಡಿದರು. ನಡುವೆ ಯಾವುದೋ ಹಡಗು ಸಿಡಿದು ಎಚ್ಚರವಾಯಿತು. ಕಣ್ಣು ಬಿಟ್ಟರೆ ಪರದೆ ತುಂಬ ಮರಳು, ಸಂತೆಯಂತೆ ಜನ. ಎಡಗಡೆ ಮೂಲೆಯಲ್ಲಿ ಒಬ್ಬ ಮೂಟೆ ಹೊತ್ತು ನಡೆಯುತ್ತಿದ್ದಾನೆ. ತಮ್ಮ!

ಸಿನಿಮಾ ಅಷ್ಟಕ್ಕೇ ಬಿಟ್ಟು ಮನೆಗೆ ಓಡಿ ಬಂದರು. "ನನ್ನ ತಮ್ಮ ಸಿನಿಮಾದಾಗವ್ನೆ ಕಣ್ಲಾ! ಬದ್ಕವ್ನೆ!"

ದೊಡ್ಡಮ್ಮ ಮೊರದಿಂದ ತಲೆ ಎತ್ತಲಿಲ್ಲ. "ನಿದ್ದೆಗಣ್ಣಾಗೆ ನೋಡಿದ್ದು ತಾನೆ? ನಿದ್ದೆಗಣ್ಣಾಗೆ ನಾನ್ಯಾವತ್ತಾದ್ರೂ ಹೀರೋಯಿನ್ ತರ ಕಂಡಿದ್ನಾ?"

"ಇಲ್ಲ."

"ಮತ್ತೆ ಅವ್ನೆಂಗೆ ಕಂಡ?"

"ಅದ್ಕೇ ಹೇಳ್ತಿರೋದು. ನಂಗೆ ನಿದ್ದೆಗಣ್ಣಾಗೂ ಇದ್ದಂಗೇ ಕಾಣ್ತದೆ!"

ದೊಡ್ಡಪ್ಪನ ಸಾಕ್ಷ್ಯ ಒಂದೇ ಒಂದು. ಮೂಟೆ ಹೊತ್ತಾಗ ತಲೆಯ ಟವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ಅವರ ತಮ್ಮನ ಅಭ್ಯಾಸ. ಹಾಗೆ ಕಚ್ಚಿಕೊಂಡರೆ ಬೆವರು ಕಣ್ಣಿಗೆ ಇಳಿಯುವುದಿಲ್ಲವಂತೆ. ಆ ಗ್ರಹದ ಮನುಷ್ಯನೂ ಕಚ್ಚಿಕೊಂಡಿದ್ದ. ಇದನ್ನು ಕೇಳಿ ನಾನು ಮನಸ್ಸಿನಲ್ಲಿ ನಕ್ಕೆ. ಆದರೆ ಕೆಲವು ದಿನಗಳ ಮೇಲೆ ಭಾನುವಾರದ ಪತ್ರಿಕೆಯಲ್ಲಿ ಆ ಸರಣಿಯ ಬಗ್ಗೆ ಒಂದು ಲೇಖನ ಬಂತು. ಎರಡನೆಯ ಭಾಗವನ್ನು ನಿಜವಾದ ಮರಳುಗಾಡಿನಲ್ಲಿ ತೆಗೆದರೆಂದೂ, ಗುಂಪಿನ ದೃಶ್ಯಗಳಿಗೆ ಅಲ್ಲಿ ದುಡಿಯುತ್ತಿದ್ದ ಕೂಲಿಯವರನ್ನೇ ಕರೆತಂದು ವೇಷ ಹಾಕಿಸಿದರೆಂದೂ ಅದರಲ್ಲಿತ್ತು. ನಗು ನಿಂತಿತು. ಲೇಖನವನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. "ಪೇಪರ್‌ನೋರಿಗೂ ಗೊತ್ತಾಗೋಯ್ತಾ?" ಎಂದರು.

ಅಲ್ಲಿಂದ ದೊಡ್ಡಪ್ಪ ಆ ಸರಣಿಯ ಪಂಡಿತರಾದರು. ಪಾಂಡಿತ್ಯವೆಲ್ಲ ಗೋಣಿಯ ಮಾರ್ಗದಲ್ಲಿ ಬಂದದ್ದು. ಮತ್ತೊಮ್ಮೆ ಓಡಿಸಿದಾಗ ನೋಡಿದ ಮೊದಲನೆಯ ಭಾಗವನ್ನು ಅವರು ಬಹಳ ಮೆಚ್ಚುತ್ತಿದ್ದರು. ಆಗ ತೆಗೆದವರಿಗೂ ಅನುಕೂಲವಿರಲಿಲ್ಲವಂತೆ. ಹಡಗೆಂದರೆ ಗುಜರಿ ತಗಡು, ಗೋಡೆಯೆಂದರೆ ಮಣ್ಣು, ಎಲ್ಲದರ ಮೇಲೂ ಎಣ್ಣೆ ಜಿಡ್ಡು, ಮಸಿ. "ಆ ಗ್ರಹದ ರಾಜ ಉಟ್ಟವ್ನಲ್ಲ, ಅದು ಎರಡು ಸಲ ಹುಣಸೆಹಣ್ಣು ತುಂಬಿ ಕೊಡವಿರೋ ಗೋಣಿ. ಬಣ್ಣ ನೋಡಿದ್ರೆ ಗೊತ್ತಾಗಲ್ವಾ?" ಎನ್ನುತ್ತಿದ್ದರು. ಎರಡನೆಯದು ಮರಳಿನ ಬಣ್ಣದ್ದು. ಜನವೂ ಹೆಚ್ಚು, ಗೋಣಿಯೂ ಹೆಚ್ಚು. ಮೂರನೆಯದು ಅವರಿಗೆ ಹಿಡಿಸಲಿಲ್ಲ. ಅದರಲ್ಲಿ ಇಡೀ ಕಥೆ ಕತ್ತಲೆಯ ಪಟ್ಟಣದಲ್ಲಿ ನಡೆಯುತ್ತದೆ. ನೀಲಿ ಬೆಳಕು, ಮೊದಲಿಂದ ಕೊನೆಯವರೆಗೆ ಮಳೆ. ಎಲ್ಲರೂ ಕೊಡೆ ಹಿಡಿದು ಮುಖ ಮುಚ್ಚಿಕೊಂಡೇ ಓಡಾಡುತ್ತಾರೆ. "ಇಂಥಾ ಮಳೆಯಾಗೆ ಮೂಟೆ ಯಾರು ಹೊರ್ತಾರೆ? ಸರಕು ನೆನೆದೋಗಲ್ವಾ?" ಎಂದು ಎದ್ದು ಬಂದರು. ವಿಮರ್ಶೆ ಮುಗಿಯಿತು.

ಮೂರನೆಯದು ಬರುವ ಮೊದಲೇ ಎರಡನೆಯ ಭಾಗ ಹಿಂದೂಪುರ ಬಿಟ್ಟು ಸಣ್ಣ ಊರುಗಳ ಕಡೆ ಹೊರಟಿತ್ತು. ಒಂದು ದಿನ ಕಲ್ಯಾಣದುರ್ಗದಿಂದ ನನ್ನ ಸೋದರಮಾವನ ಫೋನು ಬಂತು. ಮಾತಿನ ನಡುವೆ ಅವರು, ಊರಿನ ಗೋಡೆಗಳಿಗೆಲ್ಲ ಆ ಪೋಸ್ಟರ್ ಬಿದ್ದಿದೆ ಎಂದರು. ಕಲ್ಯಾಣದುರ್ಗ ದೊಡ್ಡಮ್ಮನ ತವರು. ಮದುವೆಯಾದ ಮೇಲೆ ದೊಡ್ಡಪ್ಪ ಆ ಮನೆಗೆ ಕರೆಯದೆ ಹೋದವರಲ್ಲ, ಕರೆದರೂ ಹೋದವರಲ್ಲ. ಅಂಥವರು ಮರುದಿನ ಬೆಳಗ್ಗೆ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಪೆನುಕೊಂಡ ದಾಟಿದ ಮೇಲೆ, "ಈ ಸಲ ಮುಖ ಸರ್ಯಾಗಿ ನೋಡ್ಬೇಕು ಕಣ್ಲಾ. ನೀನೂ ನೋಡು. ನಾನೊಬ್ನೇ ನೋಡಿದ್ರೆ ನಿಮ್ಮ ದೊಡ್ಡಮ್ಮ ನಂಬಲ್ಲ" ಎಂದರು.

ಬಾವ ಬಂದರೆಂದು ಮಾವನ ಮನೆಯಲ್ಲಿ ಹೋಳಿಗೆ ಬೇಯಿಸಿದರು. ದೊಡ್ಡಪ್ಪ ತಿಂದರು, ಕೈ ತೊಳೆದರು, "ಟಾಕೀಸು ಯಾವ ಕಡೆ?" ಎಂದರು.

ಮಾವನ ಮುಖ ಸಪ್ಪಗಾಯಿತು. "ನಮ್ಮನ್ನ ನೋಡೋಕೆ ಬಂದ್ರಿ ಅಂದ್ಕೊಂಡ್ವಿ ಬಾವ."

"ನಿಮ್ಮನ್ನ ಸಂಜೇನೂ ನೋಡ್ಬೌದು. ನೀವೇನು ಓಡೋಯ್ತೀರಾ?"

ಟಾಕೀಸಿನಲ್ಲಿ ಎಲ್ಲಕ್ಕಿಂತ ಮುಂದಿನ ಬೆಂಚು, ಅದರಲ್ಲೂ ಎಡತುದಿ ಹಿಡಿದೆವು. ಆ ದೃಶ್ಯ ಹತ್ತಿರ ಬಂದಂತೆ ದೊಡ್ಡಪ್ಪ ನನ್ನ ಮೊಣಕೈ ಹಿಡಿದುಕೊಂಡರು. ಮರಳುಗಾಡು ಬಂದದ್ದೇ ಎದ್ದು ನಿಂತು "ಅಗೋ! ಅಗೋ!" ಎಂದು ಕೂಗಿದರು. ಹಿಂದಿನಿಂದ "ಯೋವ್ ಪೆದ್ದಾಯನಾ, ಕೂಚೋ!" ಎಂದು, ಕೂತ್ಕೋ ಮುದುಕಪ್ಪ ಎಂಬ ತೆಲುಗು ಕೂಗೂ ಸಿಳ್ಳೆಗಳೂ ಬಂದವು.

ನಾನು ಕಂಡದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಎಡ ಅಂಚಿನಿಂದ ಮೊದಲು ಮೂಟೆ ಬಂತು. ಆಮೇಲೆ ಹೊತ್ತವನು ಬಂದ. ಮುಖದ ಅರ್ಧ ನೆರಳಿನಲ್ಲಿತ್ತು. ಟವೆಲ್ಲಿನ ತುದಿ ಹಲ್ಲಿನಲ್ಲಿತ್ತು, ಅದನ್ನು ಸ್ಪಷ್ಟವಾಗಿ ನೋಡಿದೆ. ಅವನು ಕತ್ತನ್ನು ಈ ಕಡೆ ತಿರುಗಿಸಲು ಶುರುಮಾಡಿದ್ದ, ಅಷ್ಟರಲ್ಲಿ ಚಿತ್ರ ಒಮ್ಮೆ ಹಾರಿತು. ಮನುಷ್ಯ ಇರಲಿಲ್ಲ. ಹೀರೋ ಕುದುರೆಯಂಥದ್ದೊಂದನ್ನು ಹತ್ತಿ ಕುಳಿತಿದ್ದ. ದೊಡ್ಡಪ್ಪನ ತಮ್ಮನನ್ನು ಚಿಕ್ಕಂದಿನಲ್ಲಿ ಕಂಡ ನೆನಪು ನನಗೂ ಇದೆ. ಇವನು ಅವರೇ ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ದೊಡ್ಡಪ್ಪ ಸೀದಾ ಮೇಲಿನ ಪ್ರೊಜೆಕ್ಟರ್ ರೂಮಿಗೆ ಹೋದರು. "ಹಿಂದೂಪುರದಾಗೆ ಈ ಕಡೆ ತಿರುಗಿ ನೋಡ್ತಿದ್ದ! ಇಲ್ಲಿ ತಿರುಗ್ಲೇ ಇಲ್ಲ. ಯಾಕೆ?"

ಆಪರೇಟರ್ ಒಳ್ಳೆಯವನು. "ರೀಲು ಹರೀತದೆ ಸಾಮಿ. ಹರಿದ್ರೆ ಅಂಟಿಸ್ತೀವಿ. ಅಂಟಿಸ್ವಾಗ ಒಂದಷ್ಟು ಹೋಗ್ತದೆ. ಇದು ನಮ್ಮಲ್ಲಿಗೆ ಬರೋ ಮುಂಚೇನೇ ಹಿಂಗಿತ್ತು."

"ಹೋಗೋಕೆ ನನ್ನ ತಮ್ಮನೇ ಬೇಕಾಗಿತ್ತಾ? ಆ ಹೀರೋ ಆಗ್ಲಿಂದ ಸುಮ್ನೆ ಓಡಾಡ್ತಾವ್ನಲ್ಲ, ಅವನ್ನ ಕತ್ರಿಸ್ಬೌದಿತ್ತಲ್ಲ!"

ಆಪರೇಟರ್ ಸ್ವಲ್ಪ ಯೋಚಿಸಿ, ನ್ಯಾಯವೇ ಎಂಬಂತೆ ತಲೆಯಾಡಿಸಿ ನಮಗೆ ಟೀ ತರಿಸಿದ. ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ಒಂದೇ ಮಾತು ಹೇಳಿದರು: "ಇನ್ನೊಂದೆರಡು ಊರು ತಿರುಗಿದ್ರೆ ಪೂರ್ತಿ ಹೋಗ್ಬುಡ್ತಾನೆ."

ಅದಕ್ಕೇ ನಾನು ಆ ಭಾಗದ ಸಿಡಿ ಹುಡುಕಿ ತಂದೆ. ಪಕ್ಕದ ಮನೆಯಿಂದ ಪ್ಲೇಯರ್ ತಂದು ಜೋಡಿಸಿದೆ. ಟೀವಿಯಲ್ಲಿ ಇಡೀ ಮರಳುಗಾಡು ಒಂದು ತಟ್ಟೆಯಷ್ಟಿತ್ತು, ಮೂಟೆಯವನು ಇರುವೆಯಷ್ಟಿದ್ದ. ಈ ಕಡೆ ತಿರುಗಿದ ಕ್ಷಣಕ್ಕೆ ಸರಿಯಾಗಿ ನಿಲ್ಲಿಸಿದೆ. ನಿಲ್ಲಿಸಿದ್ದೇ ತಡ, ಮುಖವೆಲ್ಲ ಸಣ್ಣ ಸಣ್ಣ ಚೌಕಗಳಾಗಿಹೋಯಿತು! ದೊಡ್ಡಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಇಣುಕಿ ನೋಡಿದರು. "ಅಷ್ಟು ದೂರ ಹೋಗಿ ಚೌಕಳಿ ಲುಂಗಿ ಆಗ್ಬುಟ್ನಾ ನಿಮ್ಮ ತಮ್ಮ?"

"ಡಬ್ಬಿ ಸರಿ ಇಲ್ಲ. ಟಾಕೀಸ್ನಾಗೆ ಆಳುದ್ದ ಕಾಣ್ತಾನೆ" ಎಂದು ದೊಡ್ಡಪ್ಪ ಟೀವಿಗೆ ಬೆನ್ನು ಮಾಡಿ ಕುಳಿತರು.

ಕೆಲವು ವರ್ಷಗಳ ಮೇಲೆ ನಾಲ್ಕನೆಯ ಭಾಗ ಹಿಂದೂಪುರಕ್ಕೆ ಬಂತು. ಮತ್ತೆ ಮರಳುಗಾಡು, ಹಿಂದೆಂದೂ ಕಾಣದಷ್ಟು ಜನ ಎಂದು ಆಟೋದಲ್ಲಿ ಕೂಗಿಕೊಂಡು ಹೋದರು. ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಸಿನಿಮಾಕ್ಕೆ ಹೋಗುವವರ ಹಾಗಲ್ಲ, ನೆಂಟರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೊರಟವರ ಹಾಗೆ ಕಂಡರು. ಅವತ್ತು ದೊಡ್ಡಮ್ಮನೂ ಹೊರಟರು. ಯಾಕೆಂದು ಕೇಳಿದ್ದಕ್ಕೆ, "ಮನೆಯಾಗೆ ಕರೆಂಟಿಲ್ಲ, ಅಲ್ಲಿ ಫ್ಯಾನೈತೆ" ಎಂದರು.

ಸಿನಿಮಾ ಫಳಫಳ ಹೊಳೆಯುತ್ತಿತ್ತು. ತೊಳೆದಿಟ್ಟ ಸ್ಟೀಲ್ ಪಾತ್ರೆಯಂಥ ಹಡಗುಗಳು. ತುಕ್ಕಿಲ್ಲ, ಜಿಡ್ಡಿಲ್ಲ, ಒಂದು ತುಂಡು ಗೋಣಿಯಿಲ್ಲ. ಮರಳುಗಾಡು ಬಂದಾಗ ನಿಜವಾಗಿಯೂ ಲಕ್ಷಾಂತರ ಜನ. ಪರದೆಯ ಈ ತುದಿಯಿಂದ ಆ ತುದಿಗೆ ಜನ. ದೊಡ್ಡಪ್ಪ ಎಡಗಡೆಯಿಂದ ಹುಡುಕಲು ಶುರುಮಾಡಿದರು. ನಾನು ಆ ಕಡೆ ನೋಡುವುದನ್ನು ಬಿಟ್ಟು ಪಕ್ಕಕ್ಕೆ ತಿರುಗಿದೆ. ದೊಡ್ಡಮ್ಮ ಬಲಗಡೆಯಿಂದ ಹುಡುಕುತ್ತಿದ್ದರು.

ಹೊರಗೆ ಬಂದ ಮೇಲೆ ದೊಡ್ಡಪ್ಪ ಸೋಡಾ ಗಾಡಿಯ ಹತ್ತಿರ ನಿಂತರು. "ಏನೋ ಸರಿ ಇಲ್ಲ ಕಣಪ್ಪ. ಅಷ್ಟು ಜನ ಅವ್ರೆ, ಒಬ್ನೂ ಇನ್ನೊಬ್ನಿಗೆ ತಗುಲ್ಲಿಲ್ಲ."

ಅದು ನನಗೆ ಮೊದಲೇ ಗೊತ್ತಿತ್ತು, ಪತ್ರಿಕೆಯಲ್ಲಿ ಓದಿದ್ದೆ. ಹೇಗೆ ಹೇಳುವುದೆಂದು ತಿಳಿಯದೆ ನೇರವಾಗಿಯೇ ಹೇಳಿದೆ. "ಅವ್ರು ಜನ ಅಲ್ಲ ದೊಡ್ಡಪ್ಪ. ಈಗೆಲ್ಲ ಕಂಪ್ಯೂಟರ್‌ನಾಗೆ ಮಾಡ್ತಾರೆ."

"ಒಬ್ರೂ ಇಲ್ವಾ?"

"ಮುಂದೆ ನಿಂತು ಮಾತಾಡೋ ನಾಕೈದು ಜನ ಬಿಟ್ರೆ ಒಬ್ರೂ ಇಲ್ಲ."

ಅವರು ಸೋಡಾ ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಮಾತಿನಲ್ಲಿ ಮುಗಿಸಿಬಿಟ್ಟೆ ಎನಿಸಿತು. ಅವರು ಕೇಳಿದರು: "ಹಂಗಾದ್ರೆ ಮೊದ್ಲು ಇದ್ದೋರು? ಎರಡನೇದ್ರಾಗೆ ಮೂಟೆ ಹೊತ್ತೋರು, ಅವ್ರನ್ನೇನು ಮಾಡಿದ್ರು?"

"ಇನ್ನು ಕೆಲ್ಸ ಇಲ್ಲ ಅಂತ ಬಿಟ್ಟಿರ್ತಾರೆ ದೊಡ್ಡಪ್ಪ."

"ಬಿಟ್ಟಿರ್ತಾರೆ" ಎಂದು ಅವರು ನಿಧಾನವಾಗಿ ಹೇಳಿಕೊಂಡರು. ನೋಡನೋಡುತ್ತಿದ್ದಂತೆ ಮುಖ ಅರಳಿತು. "ಬಿಟ್ರು ಅಂದ್ರೆ ಇನ್ನೆಲ್ಲಿಗೆ ಹೋಗ್ತಾನೆ? ಊರಿಗೇ ಬರ್ಬೇಕಲ್ಲ!"

ಈಗ ಬರುತ್ತದೆ ಮಾತಿನ ಪೆಟ್ಟು ಎಂದು ನಾನು ದೊಡ್ಡಮ್ಮನ ಕಡೆ ನೋಡಿದೆ. ಅವರು ಸೆರಗಿನಿಂದ ಕತ್ತು ಒರೆಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆಯ ರಸ್ತೆಯನ್ನು ನೋಡುತ್ತಿದ್ದರು.

"ಬೆಳಗ್ಗೆ ಬಸ್ಸಿಗೆ ಬತ್ತಾನೋ, ಸಂಜೆ ಬಸ್ಸಿಗೋ?" ಎಂದು ಕೇಳಿದರು. "ಹಿಟ್ಟಿಗೆ ಎಸರಿಡ್ಬೇಕಲ್ಲ."