ಬಲತೊಡೆಸಂದಿನ ಗಡ್ಡೆಯವರ ಸನ್ನಿಧಾನಕ್ಕೆ

ಮಾನ್ಯ ಗಡ್ಡೆಯವರೇ,

ಸೋಸಲೆಯ ನಿವಾಸಿಯೂ, ತಿ. ನರಸೀಪುರ–ನಂಜನಗೂಡು ಖಾಸಗಿ ಬಸ್ಸಿನ ಕಂಡಕ್ಟರನೂ, ಕಳೆದ ತಿಂಗಳು ತಮಗೆ ವಸತಿ ಒದಗಿಸಿದವನೂ ಆದ ಕಾಂತರಾಜು ಮಾಡುವ ಅನಂತ ನಮಸ್ಕಾರಗಳು. ತಾವೀಗ ಹುಣಸೆಬೀಜದಷ್ಟು ಕುಗ್ಗಿರುವುದರಿಂದ ಓದಲು ಬಿಡುವಿರಬಹುದೆಂದು ನಂಬಿ ಈ ದೂರನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಗುಟ್ಟಾಗಿ ಬರೆಯೋಣವೆಂದರೆ ತಾವು ಯಾವ ಗುಟ್ಟನ್ನೂ ಉಳಿಸಿಲ್ಲ.

ತಾವು ಬರುವುದಕ್ಕೆ ಮೊದಲೇ, ಮರ್ಯಾದಸ್ಥರು ಹೆಸರೆತ್ತದ ಜಾಗದಲ್ಲಿ ನನಗೆ ನವೆ ಶುರುವಾಗಿ, ಮುಂದೊಗಲು ಕೆಂಪಾಗಿ ಬಿರುಕುಬಿಟ್ಟಿತ್ತು. ಬೆವರು, ದಪ್ಪ ಖಾಕಿ ಪ್ಯಾಂಟು, ದಿನವಿಡೀ ನಿಂತೇ ಮಾಡುವ ಕೆಲಸ, ಇವೇ ಕಾರಣವೆಂದುಕೊಂಡೆ. ನಮ್ಮ ಬಸ್ಸಿನ ಡ್ರೈವರ್ ಪುಟ್ಟಬಸವಯ್ಯನವರು, ಯಾರಿಗೂ ತೋರಿಸದೆ ವಾಸಿಮಾಡಿಕೊಳ್ಳಬಹುದಾದ ಮುಲಾಮೊಂದರ ಹೆಸರು ಹೇಳಿದರು. ಮೆಡಿಕಲ್ ಸ್ಟೋರಿನಲ್ಲಿದ್ದ ಹೆಂಗಸರೆಲ್ಲ ಹೋಗುವವರೆಗೆ ಕೆಮ್ಮಿನ ಔಷಧ ಹುಡುಕುವವನಂತೆ ನಿಂತು, ಅದನ್ನು ತಂದು ಹಚ್ಚಿದೆ. ಎರಡು ವಾರ ನವೆ ಅಡಗಿತು. ಮೂರನೆಯ ವಾರಕ್ಕೆ ಇಮ್ಮಡಿಯಾಗಿ ಎದ್ದು, ಕೆರೆದಲ್ಲೆಲ್ಲ ಗಾಯವಾಗಿ ಕೀವು ಕಟ್ಟಿತು. ಆಗಲೇ ತಾವು ನಿಂಬೆಕಾಯಿ ಗಾತ್ರದಲ್ಲಿ, ಜ್ವರಸಮೇತರಾಗಿ ದಯಮಾಡಿಸಿದಿರಿ.

ತಾವು ಆರಿಸಿಕೊಂಡ ಸ್ಥಳದ ಬಗ್ಗೆಯೇ ನನ್ನ ಮೊದಲ ಆಕ್ಷೇಪಣೆ. ಮೊಣಕೈಯಲ್ಲಿ ಬಂದಿದ್ದರೆ ತಮ್ಮನ್ನು ಟೀ ಅಂಗಡಿಯಲ್ಲಿ ನಾಲ್ಕು ಜನರಿಗೆ ತೋರಿಸಿ ಅನುಕಂಪ ಗಳಿಸುತ್ತಿದ್ದೆ. ತಾವು ಕೂತ ಜಾಗಕ್ಕೋ ಟಿಕೆಟ್ ಚೀಲ ಹೆಜ್ಜೆಗೊಮ್ಮೆ ತಗುಲಿ, ನಾನು ಬಸ್ಸಿನೊಳಗೆ ಕಾಲಗಲಿಸಿಕೊಂಡು ಏಡಿಯಂತೆ ಓಡಾಡಬೇಕಾಯಿತು. ಕೇಳಿದವರಿಗೆಲ್ಲ ಪಾದ ಉಳುಕಿದೆ ಎಂದೆ. ಒಳಗೊಳಗೇ ಇದು ಕ್ಯಾನ್ಸರ್ರೇ ಇರಬೇಕೆಂದು ಹೆದರಿ, ಹೆಂಡತಿಗೆ ಗೊತ್ತಾಗದಿರಲೆಂದು ಹಾಸಿಗೆಯನ್ನು ಜಗುಲಿಗೆ ಸಾಗಿಸಿದೆ.

ಮಾನ್ಯರೇ, ಇದರಿಂದಾದ ಅನಾಹುತ ತಮ್ಮ ಗಮನಕ್ಕೆ ಬಂದಿರಲಾರದು. ಹತ್ತು ದಿನ ಸುಮ್ಮನಿದ್ದ ನನ್ನ ಹೆಂಡತಿ ವಾಣಿ, ಒಂದು ಬೆಳಿಗ್ಗೆ ಊಟದ ಡಬ್ಬಿ ಕೈಗೆ ಕೊಡುತ್ತ ಮುಖ ನೋಡದೆ ಕೇಳಿದಳು: “ಬ್ಯಾರೆ ಯಾರಾರೂ ಅವ್ರಾ? ಇದ್ರೆ ಹೇಳ್ಬುಡಿ, ತಡ್ಕತೀನಿ. ಇಂಗೆ ದೂರ ಮಾತ್ರ ಮಾಡ್ಬ್ಯಾಡಿ.”

ಇಪ್ಪತ್ತೊಂದು ವರ್ಷ ನನ್ನೊಡನೆ ಬಾಳಿದವಳು ಈ ಮಾತನ್ನು ಎಷ್ಟು ದಿನದಿಂದ ನುಂಗಿಕೊಂಡಿದ್ದಳೋ. ನನಗೆ ನಾಚಿಕೆಯೂ ಮರೆತುಹೋಯಿತು. ಬಾಗಿಲು ಹಾಕಿ ತಮ್ಮ ದರ್ಶನ ಮಾಡಿಸಿದೆ. ಆಕೆ ಕಣ್ಣೊರೆಸಿಕೊಂಡು ಒಂದಿಷ್ಟು ನಕ್ಕು, ಆಮೇಲೆ ಸಿಕ್ಕಾಪಟ್ಟೆ ಬೈದು, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿದ್ದವರು ಡಾಕ್ಟರ್ ಮೇಘನಾ, ನನ್ನ ಅಣ್ಣನ ಮಗಳ ವಯಸ್ಸಿನವರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಮಲಗಿದ್ದೆ. ಅವರು ಪರೀಕ್ಷಿಸಿ, ಬೇರೆ ಸಂಬಂಧವೇನಾದರೂ ಉಂಟೇ ಎಂದು ನೇರವಾಗಿ ವಿಚಾರಿಸಿ, ಮುಲಾಮು ನೋಡಿ ಅದನ್ನು ಕಸದ ಬುಟ್ಟಿಗೆ ಹಾಕಿದರು. “ಗಡ್ಡೆನ ಯಾಕ್ ಬೈತೀರಿ? ಕೆಳಗಿನ ಸೋಂಕು ಮೇಲೆ ಹತ್ತದಂಗೆ ಅದು ತಡೀತಾ ಇದೆ. ಈ ಮುಲಾಮು ಹಚ್ಚಿ ಸೋಂಕು ಬೆಳೆಸಿದೋರು ನೀವು,” ಎಂದರು. ಹೀಗೆ ಚರ್ಮ ಕೆಡುವುದಕ್ಕೆ ಬೇರೆ ಕಾರಣವೂ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಮುನ್ನೂರ ಹದಿನೆಂಟಿತ್ತು. ನನಗೆ ಸಕ್ಕರೆ ಕಾಯಿಲೆಯಿದೆ ಎಂಬುದು ಅವತ್ತಿನವರೆಗೆ ನನಗೇ ಗೊತ್ತಿರಲಿಲ್ಲ.

ಮಾತ್ರೆ, ಬೇರೆ ಮುಲಾಮು, ಸಡಿಲ ಹತ್ತಿಯ ಚಡ್ಡಿ, ಬೆಲ್ಲವಿಲ್ಲದ ಕಾಫಿ. ಎರಡು ವಾರದಲ್ಲಿ ಗಾಯ ಒಣಗಿತು, ಜ್ವರ ಬಿಟ್ಟಿತು, ತಾವೂ ಇಳಿದಿರಿ. ನನ್ನ ಹಾಸಿಗೆ ಮರಳಿ ಒಳಕೋಣೆ ಸೇರಿತು. ತಾವು ಇನ್ನೂ ಆರು ತಿಂಗಳು ಮುಂಚೆ ಬಂದು, ಸ್ವಲ್ಪ ಮೆತ್ತಗೆ ನೋಯಿಸಿ, ವಾಣಿಗೆ ಮೊದಲೇ ವಿಷಯ ತಿಳಿಸಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂಬುದೊಂದೇ ನನ್ನ ವಿನಯಪೂರ್ವಕ ತಕರಾರು.

ತಮಗೆ ಋಣಿಯಾದರೂ ತಮ್ಮ ಪುನರಾಗಮನವನ್ನು ಖಂಡಿತ ಬಯಸದ,
ತಮ್ಮ ವಿಶ್ವಾಸಿ,
ಕಾಂತರಾಜು

ಮರೆತ ಮಾತು: ಮೊನ್ನೆ ಮರುತಪಾಸಣೆಗೆ ಹೋದಾಗ ಡಾಕ್ಟರ ಕೋಣೆಯ ಹೊರಗೆ ಏಳು ಮಂದಿ ಗಂಡಸರು ಕಾಯುತ್ತಿದ್ದರು. ವಿಚಾರಿಸಿದರೆ ಏಳು ಮಂದಿಗೂ ಮಂಡಿನೋವಂತೆ. ಬೆಂಚು ಪೂರ್ತಿ ಖಾಲಿಯಿದ್ದರೂ ಒಬ್ಬರೂ ಕೂತಿರಲಿಲ್ಲ. ತಮ್ಮ ಬಂಧುಬಳಗಕ್ಕೆ ನನ್ನ ನಮಸ್ಕಾರ ತಿಳಿಸುವುದು.